ಗಿಡ್ಡ ಭಂಗಿಗೊಂದು ಪಾಳಿ

ನಮ್ಮ ಯಜಮಾನರು ಹಂದರದ ಮೇಲಿಂದ ಬಿದ್ದ ದಿನ ಕೆಳಗೋಣಿಗೆ ನಿದ್ದೆ ಬರುವುದಕ್ಕೆ ಇನ್ನೂ ಹೊತ್ತಿತ್ತು, ಅದೇ ನಮ್ಮ ಪುಣ್ಯ. ಓಣಿಯ ಗಂಡಸರೆಲ್ಲ ಎಚ್ಚರವಿದ್ದರು. ಓಡಿ ಬಂದು, ಹಂದರಕ್ಕೆಂದು ತಂದಿದ್ದ ಬಿದಿರಿನ ತಟ್ಟಿಯ ಮೇಲೆಯೇ ಅವರನ್ನು ಮಲಗಿಸಿ ದವಾಖಾನೆಗೆ ಹೊತ್ತುಕೊಂಡು ಹೋದರು. ತೊಡೆಯ ಎಲುಬು ಮುರಿದಿತ್ತು. ಒಡಪಿನ ಪದ್ಯ ಹಾಕದೆ ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ಆದರೆ ಕಥೆಯ ನಡುವೆ ಒಡಪು ಹುಡುಕುತ್ತ ಕೂತರೆ ಕಥೆ ಮುಂದೆ ಹೋಗುವುದಿಲ್ಲ. ಅವರ ಹೆಸರು ಅಡಿವೆಪ್ಪ. ಮದುವೆಯಿರಲಿ, ಕುಬಸವಿರಲಿ, ತೊಟ್ಟಿಲ ಕಾರ್ಯವಿರಲಿ, ಊರಿಗೆಲ್ಲ ಹಂದರ ಹಾಕುವವರು ಅವರೇ. ಬಿದಿರ ಗಳದ ತುದಿಯಲ್ಲಿ ಕೂತು, ಹಗ್ಗ ಬಿಗಿಯುತ್ತ, ಕೆಳಗಿದ್ದವರನ್ನೆಲ್ಲ ನಗಿಸುತ್ತಿದ್ದರು. ಆ ದಿನವೂ ಏನೋ ಚಾಷ್ಟಿ ಮಾಡಿ, ಎಲ್ಲರಿಗಿಂತ ಮೊದಲು ತಾವೇ ನಕ್ಕು, ಜಾರಿದರು.

ನಮ್ಮ ಊರಿನಲ್ಲಿ ಓಣಿ ಮೂರು, ನಿದ್ದೆ ಒಂದು. ನಳದ ನೀರಿನ ಹಾಗೆ ಅದು ಪಾಳಿಯ ಮೇಲೆ ಬರುತ್ತದೆ. ಸೂರ್ಯ ಹುಟ್ಟುವಾಗ ಮೇಲೋಣಿಗೆ, ಮಧ್ಯಾಹ್ನ ನಡುವೋಣಿಗೆ, ರಾತ್ರಿ ಊಟವಾದ ಮೇಲೆ ಕೆಳಗೋಣಿಗೆ. ಹುಟ್ಟಿದ ಓಣಿಯ ಪಾಳಿ ಸಾಯುವ ತನಕ ಬಿಡುವುದಿಲ್ಲ, ಮದುವೆಯಾಗಿ ಬೇರೆ ಓಣಿಗೆ ಹೋದರೂ ಸರಿಯೇ. ನಾನು ಮೇಲೋಣಿಯ ಮಗಳು, ಹೊಳೆವ್ವ ಅಂತ. ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವವಳು. ಕೆಳಗೋಣಿಗೆ ಸೊಸೆಯಾಗಿ ಬಂದೆ. ರಾತ್ರಿ ಅವರು ಮಲಗಿದರೆ ನಾನು ಪಕ್ಕದಲ್ಲಿ ಕೂತು ಸೂಜಿ ಓಡಿಸುತ್ತಿದ್ದೆ. ಬೆಳಗ್ಗೆ ನಾನು ಉರುಳಿಕೊಂಡರೆ ಅವರು ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಕೆಲಸಕ್ಕೆ ಹೋಗುತ್ತಿದ್ದರು. ಇಂಥ ಜೋಡಿಗಳು ಊರಲ್ಲಿ ಬೇಕಾದಷ್ಟಿವೆ. ಮನೆಯಲ್ಲಿ ಯಾವಾಗಲೂ ಒಬ್ಬರು ಎಚ್ಚರವಿರುವುದರಿಂದ ಹಾಲು ಉಕ್ಕುವುದಿಲ್ಲ, ಕಳ್ಳರು ಬರುವುದಿಲ್ಲ, ಕೂಸು ಅತ್ತರೆ ಜಗಳವಿಲ್ಲ. ನಮ್ಮ ಮಗಳನ್ನು ದೂರದ ಊರಿಗೆ ಕೊಟ್ಟಿದ್ದೇವೆ. ಅಲ್ಲಿ ಎಲ್ಲರೂ ಒಮ್ಮೆಲೇ ಮಲಗಿ ಒಮ್ಮೆಲೇ ಏಳುತ್ತಾರಂತೆ. ಹಾಗಾದರೆ ಊರು ನೋಡಿಕೊಳ್ಳುವವರು ಯಾರು ಎಂದು ನನಗೆ ಇವತ್ತಿಗೂ ಚಿಂತೆ.

ಎಲುಬು ಕೂಡಿತು, ನೋವು ಮಾತ್ರ ಹೋಗಲಿಲ್ಲ. ಹಗಲಿಡೀ ಸುಮ್ಮನಿರುವ ಕಾಲು, ಕೆಳಗೋಣಿಗೆ ನಿದ್ದೆ ಇಳಿಯುವ ಹೊತ್ತಿಗೆ ಸರಿಯಾಗಿ ಸೆಳೆಯತೊಡಗುತ್ತಿತ್ತು. ಓಣಿಯ ಮನೆಗಳಲ್ಲಿ ಒಂದೊಂದಾಗಿ ಮಾತು ನಿಲ್ಲುವುದು ಕೇಳಿಸುತ್ತಿತ್ತು. ನಿದ್ದೆ ನಮ್ಮ ಹೊಸ್ತಿಲಿಗೂ ಬರುತ್ತಿತ್ತು, ಅವರ ರೆಪ್ಪೆ ಭಾರವಾಗುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಅಷ್ಟರಲ್ಲಿ ಕಾಲು ಚುಳುಕ್ಕೆನ್ನುತ್ತಿತ್ತು, ಅವರು ಹಲ್ಲು ಕಚ್ಚಿ ಮಗ್ಗುಲಾಗುತ್ತಿದ್ದರು, ನಿದ್ದೆ ಪಕ್ಕದ ಮನೆಗೆ ದಾಟಿಬಿಡುತ್ತಿತ್ತು. ಬಸ್ಸು ತಪ್ಪಿಸಿಕೊಂಡವರ ಹಾಗೆ ಬೆಳಗಿನ ತನಕ ಗೋಡೆ ನೋಡುತ್ತ ಕೂಡ್ರುತ್ತಿದ್ದರು. ಡಾಕ್ಟರು ಕೊಟ್ಟ ಗುಳಿಗೆಯಿಂದ ಬಾಯಿ ಒಣಗಿತೇ ಹೊರತು ಕಣ್ಣು ಮುಚ್ಚಲಿಲ್ಲ.

ಮೊದಮೊದಲು ಅವರು ಸಿಡುಕುತ್ತಿದ್ದರು. ಆಮೇಲೆ ಸಿಡುಕುವುದೂ ನಿಂತಿತು. ಒಂದು ದಿನ ನಮ್ಮ ಮನೆಯ ಎದುರಿನಲ್ಲೇ ಪರಸ್ಥಳದವರು ಬಂದು ಮದುವೆಯ ಹಂದರ ಹಾಕಿದರು. ಅದು ಕುಡಿದವನ ಹಾಗೆ ಎಡಕ್ಕೆ ವಾಲಿತ್ತು. ನಮ್ಮವರು ಅದನ್ನು ನೋಡಿದರು, ಒಂದು ಮಾತೂ ಆಡಲಿಲ್ಲ, ಕಣ್ಣು ಬೇರೆ ಕಡೆ ತಿರುಗಿಸಿದರು. ನಾನು ಹೆದರಿದ್ದು ಆವತ್ತು. ಬೇರೆಯವರ ಹಂದರಕ್ಕೆ ಹೆಸರಿಡದ, ಒಂದು ಹುಳುಕೂ ಎತ್ತಿ ತೋರಿಸದ ಅಡಿವೆಪ್ಪ ನಾನು ಲಗ್ನವಾದ ಅಡಿವೆಪ್ಪ ಅಲ್ಲವೇ ಅಲ್ಲ.

ಊರಾಚೆ ಗುಡ್ಡದ ಮೇಲೆ ಒಂದು ಸಣ್ಣ ಮಠವಿದೆ. ಅಲ್ಲಿಯ ಸ್ವಾಮಿ ಅಜ್ಜಾರು ಭಂಗಿ ಗಿಡ ಬೆಳೆಯುತ್ತಾರೆ, ಪೂಜೆಯಲ್ಲಿ ಅದರ ಸೊಪ್ಪನ್ನು ಎಡೆ ಇಡುತ್ತಾರೆ. ಅಜ್ಜಾರು ಹುಟ್ಟಿದ್ದು ಬೇರೆಲ್ಲೋ, ಹಾಗಾಗಿ ನಮ್ಮ ಪಾಳಿ ಅವರಿಗಿಲ್ಲ. ಬೇಕೆನಿಸಿದಾಗ ಮಲಗುತ್ತಾರೆ, ಸಾಕೆನಿಸಿದಾಗ ಏಳುತ್ತಾರೆ. ನಾನು ಗುಡ್ಡ ಹತ್ತಿ ಹೋದಾಗ ಅವರು ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹುಳ ಆರಿಸುತ್ತಿದ್ದರು. ನನ್ನ ಮಾತನ್ನೆಲ್ಲ ತಲೆ ಎತ್ತದೆ ಕೇಳಿದರು. ಆಮೇಲೆ ಎರಡು ಗಿಡ ತೋರಿಸಿದರು. ಒಂದು ನನ್ನ ತಲೆಯ ಮೇಲೆ ಹೋಗಿತ್ತು, ಬೆರಳಿನಂಥ ತೆಳ್ಳನೆಯ ಎಲೆ. ಇನ್ನೊಂದು ನನ್ನ ಸೊಂಟದಷ್ಟು, ಮೈತುಂಬ ಟಿಸಿಲು, ಅಂಗೈ ಅಗಲದ ಕಡುಹಸಿರು ಎಲೆ.

"ಭಂಗಿಯೊಳಗ ಇವೆರಡು ಜಾತಿ, ತಂಗಿ," ಅಂದರು. "ಉದ್ದಂದು ತಲಿಗೆ ಏರತೈತಿ. ಮಾತಾಡಸ್ತೈತಿ, ನಗಸ್ತೈತಿ. ಗಿಡ್ಡಂದು ಮೈಗೆ ಇಳಿತೈತಿ. ಕೈಕಾಲು ಅದರ ಮಾತು ಕೇಳತಾವು."

ಹಾಗಾದರೆ ನನಗೆ ಗಿಡ್ಡದ್ದೇ ಕೊಡಿ ಎಂದೆ. ಅಜ್ಜಾರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಒಳಗೆ ಹೋಗಿ ಬೇರೆ ಒಂದು ಗಂಟು ತಂದರು. ಎಷ್ಟೋ ವರ್ಷಗಳ ಹಿಂದೆ ಉದ್ದನೆಯ ಗಿಡದ ಹೂವಿನ ಪುಡಿ ಗಾಳಿಗೆ ಹಾರಿ ಗಿಡ್ಡ ಗಿಡದ ಹೂವಿಗೆ ತಾಗಿತ್ತಂತೆ. ಆ ಬೀಜಗಳನ್ನು ಹಾಕಿ, ಬಂದ ಗಿಡಗಳಲ್ಲಿ ತಮಗೆ ಹಿಡಿಸಿದ್ದನ್ನು ಮತ್ತೆ ಗಿಡ್ಡ ಗಿಡದೊಂದಿಗೇ ಕೂಡಿಸಿ, ಆರಿಸುತ್ತ ಆರಿಸುತ್ತ ಒಂದು ತಳಿ ಮಾಡಿದ್ದರು.

"ಬರೇ ಗಿಡ್ಡಂದು ಕೊಟ್ರ ಕಲ್ಲಿನಂಗ ಬೀಳತಾನ. ನಿನ್ನ ಗಂಡ ನಗಾಂವ. ಅವಗ ಇದ ತಕ್ಕದ್ದು. ಮುಕ್ಕಾಲು ಗಿಡ್ಡ, ಕಾಲು ಉದ್ದ."

ಕಾಳುಮೆಣಸಿನಷ್ಟೇ ಇದ್ದ ಬೀಜಗಳ ಮೇಲೆ ಹುಲಿಯ ಮೈಯಂಥ ಗೆರೆಗಳಿದ್ದವು. ಒದ್ದೆ ಅರಿವೆಯಲ್ಲಿ ಕಟ್ಟಿಟ್ಟೆ, ಮೊಳಕೆ ಬಂದವು, ಹಿತ್ತಲಿನಲ್ಲಿ ಊರಿದೆ. ಎರಡೆಲೆ ಒಡೆದು ನಿಂತಿದ್ದವು, ಪಕ್ಕದ ಮನೆಯ ರಾಚವ್ವನ ಕೋಳಿಗಳು ಬಂದು ಕೆದರಿ ಹಾಕಿದವು. ರಾಚವ್ವ ನಡುವೋಣಿಯಲ್ಲಿ ಹುಟ್ಟಿದವಳು, ನನ್ನ ಹಾಗೆಯೇ ಕೆಳಗೋಣಿಯ ಸೊಸೆ. ನಾನು ಹೋಗಿ ಕೂಗಾಡಿದೆ. ಅದು ಆದದ್ದು ಮಧ್ಯಾಹ್ನ, ತಾನು ಪಾಳಿಯಲ್ಲಿದ್ದೆ ಎಂದಳು. ಅವರವರ ಪಾಳಿಯ ಹೊತ್ತಿನಲ್ಲಿ ಆದದ್ದಕ್ಕೆ ಅವರನ್ನು ದೂರುವಂತಿಲ್ಲ, ಊರು ಹುಟ್ಟಿದಾಗಿನಿಂದ ಹಾಗೆಯೇ. ನನ್ನ ಸಿಟ್ಟಿಗೆ ದಾರಿ ಇಲ್ಲದೆ ಅದು ಹೊಟ್ಟೆಯೊಳಗೇ ಉಳಿಯಿತು. ನಾವಿಬ್ಬರೂ ಮಾತು ಬಿಟ್ಟೆವು.

ಉಳಿದ ಗಿಡಗಳಿಗೆ ಮುಳ್ಳಿನ ಬೇಲಿ ಹಾಕಿದೆ. ಅವುಗಳಲ್ಲಿ ಕೆಲವು ಗಂಡಾದವು. ಗಂಡು ಗಿಡ ಹತ್ತಿರವಿದ್ದರೆ ಹೆಣ್ಣು ಗಿಡ ಬೀಜ ಕಟ್ಟುವುದರಲ್ಲೇ ಶಕ್ತಿ ಕಳೆಯುತ್ತದೆ, ಮೊಗ್ಗಿನಲ್ಲಿ ಮದ್ದಿನ ಅಂಟು ತುಂಬುವುದಿಲ್ಲ ಎಂದು ಅಜ್ಜಾರು ಹೇಳಿದ್ದರು. ಗೆಣ್ಣಿನಲ್ಲಿ ಗಂಡಿನ ಗುರುತಾದ ಸಣ್ಣ ಗೊಂಡೆ ಕಂಡದ್ದನ್ನೆಲ್ಲ ಕಿತ್ತೆ. ಕೊನೆಗೆ ನಿಂತದ್ದು ಒಂದೇ ಒಂದು ಹೆಣ್ಣು ಗಿಡ.

ನಮ್ಮವರು ಮೊದಲು ಅದನ್ನು ಮೂಸಿಯೂ ನೋಡಲಿಲ್ಲ. ಆದರೆ ಹಗಲು ನಾನು ಮಲಗಿದ್ದಾಗ ಅವರಿಗೆ ಹಿತ್ತಲಿನ ಹೊರಸಿನ ಮಂಚವೇ ಗತಿ, ಎದುರಿಗೆ ಗಿಡವೇ ಗತಿ. ಸುಮ್ಮನೆ ನೋಡುತ್ತ ನೋಡುತ್ತ ಅವರಿಗೆ ಅದರ ಸ್ವಭಾವ ತಿಳಿಯತೊಡಗಿತು. ಅದು ಮೇಲಕ್ಕೆ ಹೋಗುವುದಕ್ಕಿಂತ ಅಗಲಕ್ಕೆ ಹೋಗುವ ಗಿಡ, ಬೇರಿನ ಬಳಿ ನೀರು ನಿಂತರೆ ಮುನಿಸಿಕೊಳ್ಳುತ್ತದೆ, ಮಣ್ಣು ಒಣಗಿದ ಮೇಲೆ ಕೊಟ್ಟರೆ ಖುಷಿಯಾಗಿ ಕುಡಿಯುತ್ತದೆ ಎಂದೆಲ್ಲ ಒಂದು ಸಂಜೆ ನಾನು ಕೇಳದೆಯೇ ಹೇಳಿದರು. ಇನ್ನೊಂದು ಸಂಜೆ ನನ್ನನ್ನು ಕರೆದು ತೋರಿಸಿದರು. ಹೊತ್ತು ಮುಳುಗುತ್ತಿದ್ದಂತೆ ಎಲೆಗಳೆಲ್ಲ ನಿಧಾನವಾಗಿ ಕೆಳಗೆ ಬಾಗುತ್ತಿದ್ದವು.

"ಮಲಕ್ಕೊಂತೈತಿ ನೋಡು," ಅಂದರು. ಅವರ ದನಿಯಲ್ಲಿ ಹೊಟ್ಟೆಕಿಚ್ಚಿತ್ತು.

ಟಿಸಿಲುಗಳು ಒತ್ತಾಗಿ ಬೆಳೆದು ಒಳಗಿನ ಎಲೆಗಳಿಗೆ ಬಿಸಿಲು ಸಿಗದಂತಾದಾಗ, ನನ್ನ ಕೌದಿಯ ಚಿಂದಿಗಳನ್ನು ಬೇಡಿ ತೆಗೆದುಕೊಂಡು, ಒಂದೊಂದೇ ಕೊಂಬೆಯನ್ನು ಹೊರಗೆ ಬಾಗಿಸಿ ಕಟ್ಟಿದರು. ಗಿಡ ತಟ್ಟೆಯ ಹಾಗೆ ತೆರೆದುಕೊಂಡಿತು. ಆದರೆ ಹೂವಿನ ಕಾಲ ಬಂದು, ಗುಡ್ಡದ ಮೇಲೆ ಅಜ್ಜಾರ ಗಿಡಗಳೆಲ್ಲ ಮೊಗ್ಗಾದರೂ ನಮ್ಮದು ಎಲೆಯ ಮೇಲೆ ಎಲೆ ಬಿಡುತ್ತಲೇ ಹೋಯಿತು. ನಾನು ಮತ್ತೆ ಗುಡ್ಡ ಹತ್ತಿದೆ. ರಾತ್ರಿ ನಿಮ್ಮ ಹಿತ್ತಲಿನಲ್ಲಿ ಕತ್ತಲಿರುತ್ತದೆಯೇ ಎಂದು ಅಜ್ಜಾರು ಕೇಳಿದರು. ನನಗೆ ನಗು ಬಂತು. ನಮ್ಮ ಊರಿನಲ್ಲಿ ಕತ್ತಲೆಲ್ಲಿಯದು? ಕೆಳಗೋಣಿ ಮಲಗಿದ್ದರೂ ಉಳಿದ ಎರಡು ಓಣಿಗಳು ಎದ್ದೇ ಇರುತ್ತವೆ. ಅವರು ನಮ್ಮ ಓಣಿಯಲ್ಲೇ ಹಾದು ಬಾವಿಗೆ ಹೋಗಬೇಕು, ಗಿರಣಿಗೆ ಹೋಗಬೇಕು. ಬೀದಿದೀಪ ಬೆಳಗಾಗುವ ತನಕ ಉರಿಯುತ್ತದೆ, ಅದರಲ್ಲೂ ಒಂದು ಕಂಬ ನಮ್ಮ ಹಿತ್ತಲ ಗೋಡೆಗೇ ಅಂಟಿಕೊಂಡಿದೆ.

"ಹಂಗಾರ ಅದಕ್ಕ ಇನ್ನೂ ರಾತ್ರಿನ ಆಗಿಲ್ಲ," ಅಂದರು ಅಜ್ಜಾರು. "ರಾತ್ರಿ ಉದ್ದ ಆದ್ರನ ಅದು ಹೂ ಬಿಡೋದು. ನಡುವ ಬೆಳಕು ಬಿದ್ರ ಲೆಕ್ಕ ತಪ್ಪತೈತಿ. ನಿಮ್ಮೂರಾಗ ಎಲ್ಲಾರಿಗೂ ಪಾಳಿ ಐತಿ. ಪಾಪ, ಗಿಡಕ್ಕಷ್ಟ ಇಲ್ಲ."

ಬಂದವಳೇ ಹಳೆಯ ಕರಿ ಕಂಬಳಿಯನ್ನು ಒಳಗಿಟ್ಟು, ಮೇಲೆ ಅತ್ತೆಯ ಕಾಲದ ಕಪ್ಪು ಚಂದ್ರಕಾಳಿ ಸೀರೆಗಳನ್ನು ಹೊದಿಸಿ, ಬೆಳಕಿನ ಒಂದು ಎಳೆಯೂ ನುಸುಳದಂತೆ ದಪ್ಪ ಕೌದಿ ಹೊಲಿಯಲು ಕೂತೆ. ಅದನ್ನು ಗಿಡದ ಮೇಲೇ ಹೊದಿಸಿದರೆ ಕೊಂಬೆ ಮುರಿಯುತ್ತದೆ ಎಂದರು ನಮ್ಮವರು. ಬಿದಿರು ತರಿಸು, ಸುತ್ತಲೂ ನಾಲ್ಕು ಗಳ ನಿಲ್ಲಿಸಬೇಕು, ಮೇಲೆ ಕಮಾನು ಕಟ್ಟಬೇಕು, ಮಗ್ಗುಲಿಗೆ ಗಾಳಿ ಆಡಲು ಸಂದಿ ಬಿಡಬೇಕು ಎಂದು ಒಂದೇ ಉಸಿರಿಗೆ ಹೇಳಿದರು. ತರಿಸಿದೆ. ಹೊರಸಿನ ಮೇಲೆ ಕೂತುಕೊಂಡೇ ಸೀಳಿದರು, ಬಾಗಿಸಿದರು. ಗಂಟು ಹಾಕಲು ಹೋದ ನನ್ನ ಕೈಯಿಂದ ಹಗ್ಗ ಕಸಿದುಕೊಂಡು, ಇಷ್ಟು ವರ್ಷ ಹಂದರದವನ ಹೆಂಡತಿಯಾಗಿ ಇದೇ ಏನು ಕಲಿತದ್ದು ಎಂದು ಬೈದರು. ಬೈಸಿಕೊಂಡು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬೇಕಂತಲೇ ಇನ್ನೊಂದು ಗಂಟನ್ನೂ ತಪ್ಪು ಹಾಕಿದೆ. ಊರಿನಲ್ಲಿ ಅಷ್ಟು ಸಣ್ಣ ಹಂದರವನ್ನು ಯಾರೂ ನೋಡಿರಲಿಲ್ಲ. ಅಷ್ಟು ನೆಟ್ಟಗಿನದನ್ನೂ ನೋಡಿರಲಿಕ್ಕಿಲ್ಲ.

ಸಂಜೆ ಕೌದಿ ಮುಚ್ಚುವುದು ನನಗೆ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಬೆಳಗ್ಗೆ. ಸೂರ್ಯನ ಮೊದಲ ಕಿರಣದ ಜೊತೆಗೇ ನನಗೆ ನಿದ್ದೆ ಬರುತ್ತದೆ, ನಿಂತಲ್ಲಿ ನಿಲ್ಲಲು ಬಿಡುವುದಿಲ್ಲ. ನಮ್ಮವರ ಎರಡೂ ಕೈ ಕೋಲಿಗೇ ಬೇಕು, ಆ ಭಾರದ ಕೌದಿ ಎತ್ತುವುದು ಅವರಿಂದಾಗದು. ಮುಚ್ಚಿಟ್ಟರೆ ಗಿಡ ಹಗಲೆಲ್ಲ ಬೆವರಿ ಬೂಸಲು ಹಿಡಿಯುತ್ತದೆ. ಬೆಳಗ್ಗೆ ಎಚ್ಚರವಿದ್ದು, ಗೋಡೆಯಾಚೆಯೇ ಇರುವವಳು ರಾಚವ್ವ ಒಬ್ಬಳೇ. ಎರಡು ದಿನ ಬೇರೆ ದಾರಿ ಹುಡುಕಿದೆ, ಸಿಗಲಿಲ್ಲ. ಮೂರನೆಯ ದಿನ ಅವಳ ಬಾಗಿಲಿಗೆ ಹೋದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ನಾನು ಹೇಳುವುದನ್ನೆಲ್ಲ ಮೊರದ ಕಡೆಗೇ ನೋಡುತ್ತ ಕೇಳಿದಳು.

"ಕೋಳಿ ಮಾತು ಮತ್ತ ಎತ್ತಬಾರದು," ಅಂದಳು.

ಎತ್ತುವುದಿಲ್ಲ ಎಂದೆ. ಮರುದಿನ ಬೆಳಗ್ಗೆ ನಾನು ಹೊರಸಿಗೆ ಒರಗುವಾಗ ಹಿತ್ತಲಿನಲ್ಲಿ ಅವಳ ಬಳೆಗಳ ಸದ್ದು ಕೇಳಿಸಿತು.

ರಾಚವ್ವ ಕೆಲಸ ಹಿಡಿದಳೆಂದರೆ ಅರ್ಧಕ್ಕೆ ಬಿಡುವವಳಲ್ಲ. ಕೌದಿ ತೆಗೆದು, ಮಡಚಿ, ಎಲೆಯಡಿ ಹುಳ ನೋಡಿ, ನಮ್ಮವರೊಂದಿಗೆ ಗಿಡದ ಯೋಗಕ್ಷೇಮ ಮಾತಾಡಿಯೇ ಹೋಗುತ್ತಿದ್ದಳು. ಮೊದಲ ಹೂವು ಕಂಡವಳೂ ಅವಳೇ. ಕೊಂಬೆಯ ತುದಿಯಲ್ಲಿ ಮುದುಕಿಯ ಕೂದಲಿನಂಥ ಎರಡು ಬಿಳಿ ಎಳೆ. ಸುದ್ದಿ ಹೇಳಲು ನನ್ನ ಪಾಳಿ ಮುಗಿಯುವ ತನಕ ಬಾಗಿಲಲ್ಲೇ ಕಾದಿದ್ದಳು. ಆಮೇಲೆ ಮೊಗ್ಗುಗಳು ಒಂದಕ್ಕೊಂದು ಒತ್ತಿಕೊಂಡು ಕಲ್ಲಿನ ಹಾಗೆ ಗಟ್ಟಿಯಾದವು. ಒಂದು ವಾರ ಮಂಜು ಬಿದ್ದಾಗ ಒಳಗೆ ಒಂದು ಮೊಗ್ಗಿಗೆ ಬೂದಿಬಣ್ಣದ ಬೂಸಲು ಬಂತು. ಅದನ್ನು ಕತ್ತರಿಸಿ ತೆಗೆದು, ದಿನವೂ ಬೆಳಗ್ಗೆ ಮೊರದಿಂದ ಗಾಳಿ ಹಾಕಿ ಉಳಿದದ್ದನ್ನು ಒಣಗಿಸಿದ್ದು ರಾಚವ್ವ. ನಾನು ಕೋಳಿಗಳಿಗೆ ದಿನಾ ಒಂದು ಹಿಡಿ ಸಜ್ಜೆ ಹಾಕತೊಡಗಿದೆ, ಬಾಯಿಬಿಟ್ಟು ಏನೂ ಹೇಳಲಿಲ್ಲ.

ಹಿತ್ತಲ ಗೋಡೆಯೊಳಗೇ ಇಟ್ಟಿದ್ದ ಗುಟ್ಟು ಒಡೆದದ್ದು ವಾಸನೆಯಿಂದ. ಮಾಗಿದ ಹಣ್ಣು, ಹಸಿ ಮಣ್ಣು, ಚಿಮಣಿ ಎಣ್ಣೆ ಮೂರೂ ಕಲೆಸಿದಂಥ ವಾಸನೆ ನಮ್ಮ ಹಿತ್ತಲಿನಿಂದ ಹೊರಟು ಮೂರೂ ಓಣಿ ಸುತ್ತಿತು. ಕೆಳಗೋಣಿಯ ಪಾಳಿ ನೋಡಿಕೊಳ್ಳುವ ಹಿರಿಯರು ಸಂಗನಬಸಪ್ಪ ಗೌಡರು. ಅವರು ಬಂದು ಗಿಡ ನೋಡಿದರು, ಹಂದರ ನೋಡಿದರು, ಇದು ಯಾತಕ್ಕೆ ಎಂದು ಕೇಳಿದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಮರುದಿನ ಮುಚ್ಚಂಜೆಗೆ ಕಟ್ಟೆಯ ಬಳಿ ಬರಬೇಕೆಂದು ಹೇಳಿ ಹೋದರು. ಮುಚ್ಚಂಜೆಯೆಂದರೆ ನಡುವೋಣಿ ಎದ್ದು, ಕೆಳಗೋಣಿ ಇನ್ನೂ ಮಲಗದ ಹೊತ್ತು. ಮೂರೂ ಓಣಿ ಒಟ್ಟಿಗೆ ಎಚ್ಚರವಿರುವ ಹೊತ್ತುಗಳು ಬಹಳ ಇಲ್ಲ, ಅದಕ್ಕೇ ಊರಿನ ನ್ಯಾಯವೆಲ್ಲ ಆಗಲೇ ನಡೆಯುವುದು.

ನಮ್ಮವರನ್ನು ಇಬ್ಬರು ಹೊರಸಿನ ಮೇಲೇ ಕಟ್ಟೆಗೆ ಹೊತ್ತುಕೊಂಡು ಬಂದರು. ಗೌಡರು ಒಳ್ಳೆಯ ಮನುಷ್ಯ, ಅವರ ಭಯ ಓಣಿಯ ಸಲುವಾಗಿ. ಓಣಿಗೆ ಬರುವ ನಿದ್ದೆ ಇಷ್ಟೇ ಅಂತ ಇದೆ. ಗಿಡದ ಬಲದಿಂದ ಒಂದು ಮನೆ ಜಾಸ್ತಿ ಎಳೆದುಕೊಂಡರೆ ತುದಿಯ ಮನೆಗಳ ಗತಿ ಏನು ಎಂದು ಕೇಳಿದರು.

"ನಳಕ್ಕ ಮೋಟರ್ ಹಚ್ಚಿ ನೀರು ಎಳದಂಗ ಆತು ಇದು," ಅಂದರು. "ಇವತ್ತು ನೀವು ಹಚ್ಚತೀರಿ, ನಾಳೆ ಎಲ್ಲಾರೂ ಹಚ್ಚತಾರ."

ತುದಿಯ ಮನೆಗಳವರು ತಲೆಯಾಡಿಸಿದರು. ಗಿಡ ಕೀಳಬೇಕು ಎಂದು ಯಾರೋ ಹಿಂದಿನಿಂದ ಹೇಳಿದ್ದೂ ಕೇಳಿಸಿತು. ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಆಗ ಹೆಂಗಸರ ನಡುವಿನಿಂದ ರಾಚವ್ವ ಎದ್ದು ನಿಂತಳು. ಈಗಷ್ಟೇ ಪಾಳಿ ಮುಗಿಸಿ ಬಂದಿದ್ದಳು, ಕೆನ್ನೆಯ ಮೇಲೆ ಚಾಪೆಯ ಗೆರೆ ಹಾಗೆಯೇ ಇತ್ತು.

"ಎಷ್ಟೋ ತಿಂಗಳಿಂದ ನಿದ್ದಿ ಕಾಣದಾಂವ ನಿಮ್ಮ ಎದ್ರಿಗೆ ಕುಂತಾನ್ರಿ," ಅಂದಳು. "ಕೀಳಸೂದಾದ್ರ ಕೀಳಸ್ರಿ. ಆದ್ರ ಅವನ ಮಾರಿ ನೋಡಿ ಹೇಳ್ರಿ."

ಎಲ್ಲರೂ ನೋಡಿದರು. ಗೌಡರೂ ನೋಡಿದರು. ಆ ಕಟ್ಟೆಯ ಸುತ್ತ ಇದ್ದವರಲ್ಲಿ ನಮ್ಮವರ ಹಂದರದಡಿ ಅಕ್ಷತೆ ಬೀಳಿಸಿಕೊಳ್ಳದವರು ಕಡಿಮೆ. ಕೊನೆಗೆ ಗೌಡರು ದನಿ ತಗ್ಗಿಸಿ, ಗಿಡ ಇರಲಿ, ಆದರೆ ಕೆಳಗೋಣಿಯ ಪಾಳಿಯಲ್ಲಿ ಮಾತ್ರ ಅದನ್ನು ಕುಡಿಯಬಾರದು, ಓಣಿಯ ಜವಾಬ್ದಾರಿ ನನ್ನ ಮೇಲಿದೆ ಎಂದರು. ಹಾಗಾದರೆ ಯಾರ ಪಾಳಿಯಲ್ಲಿ ಎಂಬ ಪ್ರಶ್ನೆ ಎದ್ದಿತು. ನಡುವೋಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಧ್ಯಾಹ್ನದ ನಿದ್ದೆ ಮೊದಲೇ ತೆಳು, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಮೇಲೋಣಿಯ ಗುಂಪಿನಲ್ಲಿ ನನ್ನ ಅಣ್ಣ ಶೇಖಪ್ಪ ಕೂತಿದ್ದ. ಸಭೆಯಲ್ಲಿ ಎಂದೂ ಬಾಯಿ ಬಿಡದವನು. ಅವನು ಎದ್ದು, ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡ.

"ನಮ್ಮ ತಂಗೀನ ಕೊಟ್ಟ ಮನಿ ಅದು," ಅಂದ. "ಓಣಿ ಅಳಿಯಗ ಒಂದು ನಿದ್ದಿ ಕೊಟ್ರ ಮೇಲೋಣಿ ಬಡವಾಗೂದಿಲ್ಲ. ತವರಿನ ಪಾಲು ಅಂತ ತಿಳ್ಕೊಳ್ಳಲಿ."

ಹುಟ್ಟಿದ ಓಣಿಯ ಪಾಳಿ ಬಿಟ್ಟು ಇನ್ನೊಂದು ಪಾಳಿಯಲ್ಲಿ ಮಲಗಿದವರು ಊರಲ್ಲಿ ಯಾರೂ ಇರಲಿಲ್ಲ. ಆಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಮೇಲೋಣಿಯ ಹಿರಿಯರು ಕೈ ಎತ್ತಿ ಒಪ್ಪಿಗೆ ಕೊಟ್ಟರು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕೆಳಗೋಣಿಗೆ ನಿದ್ದೆಯ ಹೊತ್ತಾಗುತ್ತ ಬಂದು ಗೌಡರು ಆಕಳಿಸತೊಡಗಿದ್ದರು. ಸಭೆ ಮುಗಿಯಿತು.

ಬಿಳಿ ಎಳೆಗಳು ಕಂದಾಗಿ, ಚಳಿಗೆ ಎಲೆಯಂಚುಗಳು ನೇರಳೆ ಬಣ್ಣಕ್ಕೆ ತಿರುಗಿದ ಮೇಲೆ ಗಿಡ ಕೊಯ್ದೆವು. ಕೊಂಬೆಗಳನ್ನು ಒಳಮನೆಯ ಕತ್ತಲಲ್ಲಿ ತಲೆಕೆಳಗಾಗಿ ತೂಗುಹಾಕಿ ಆರಿಸಿ, ಮಣ್ಣಿನ ಗಡಿಗೆಯಲ್ಲಿ ಹಾಕಿಟ್ಟು, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ತೋರಿಸಿದೆ. ಹುಲ್ಲಿನಂಥ ಹಸಿ ವಾಸನೆ ಹೋಗಿ ಒಣ ಹೂವಿನ ವಾಸನೆ ಬಂದಾಗ ಅಜ್ಜಾರು ತಾವೇ ಗುಡ್ಡ ಇಳಿದು ಬಂದರು. ಹಾಲು, ಗಸಗಸೆ, ಕಾಳುಮೆಣಸು ಹಾಕಿ ಅದನ್ನು ಪಾನಕ ಮಾಡಿದವರು ಅವರೇ. ಒಂದು ಸಣ್ಣ ಬಟ್ಟಲು ಮಾತ್ರ ತುಂಬಿಸಿ ಉಳಿದದ್ದನ್ನು ತೆಗೆದಿಡಿಸಿದರು. ಇದು ಹೊಟ್ಟೆಯಿಂದ ಮೈಗೆ ನಿಧಾನ ಏರುವಂಥದ್ದು, ಏನೂ ಆಗಲಿಲ್ಲವೆಂದು ಆತುರಪಟ್ಟು ಇನ್ನೊಂದು ಬಟ್ಟಲು ಕೊಟ್ಟು ಕೆಡಬೇಡಿ, ಕಾಲು ಸೆಳೆಯದ ದಿನ ಇದರ ಗೊಡವೆಗೇ ಹೋಗಬೇಡಿ ಎಂದು ಎರಡೆರಡು ಸಲ ಹೇಳಿ ಹೋದರು.

ಮೂಡಲು ಬೆಳ್ಳಗಾಗುವಾಗ ನಮ್ಮವರು ಬಟ್ಟಲು ಎತ್ತಿ ಕುಡಿದು ಮುಖ ಕಿವುಚಿದರು. ರಾಚವ್ವ ಬಂದು ಹೊಸ್ತಿಲಲ್ಲಿ ಕೂತಳು. ನಾನು ಕಂಬಕ್ಕೆ ಒರಗಿ ಅವರ ಮುಖವನ್ನೇ ನೋಡುತ್ತಿದ್ದೆ. ಏನಾದರೂ ಆಯಿತೇ ಎಂದರೆ ಇಲ್ಲ, ಸ್ವಲ್ಪ ಹೊತ್ತಿನ ಮೇಲೆ ಕೇಳಿದರೂ ಇಲ್ಲ. ಗೋಡೆಯ ಮೇಲೆ ಬಿಸಿಲು ಬಿತ್ತು. ನನ್ನ ಕಣ್ಣು ಎಳೆಯತೊಡಗಿತು. ಇಷ್ಟು ತಿಂಗಳು ಕಾದು, ಕಡೆಗೆ ನೋಡುವ ಹೊತ್ತಿಗೆ ನಾನೇ ಮಲಗಬೇಕಲ್ಲ ಎಂದು ಅಳು ಬಂತು. ಕೆನ್ನೆ ಗಿಲ್ಲಿಕೊಂಡೆ, ಕಣ್ಣಿಗೆ ನೀರು ಹಚ್ಚಿಕೊಂಡೆ. ಆಗ ಅವರು ತಲೆ ವಾಲಿಸಿ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು.

"ಹೊಳಿ, ನಿನ್ನ ಮೂಗು ಎಡಕ್ಕ ವಾಲೈತಿ," ಅಂದರು. "ಆ ಪರಸ್ಥಳದವರ ಹಂದರದಂಗ."

ಎಂದು ತಾವೇ ಮೊದಲು ನಕ್ಕರು. ಆ ಹಂದರ ವಾಲಿದ್ದನ್ನು ಅವರು ಗಮನಿಸಿದ್ದರು, ಮನಸ್ಸಿನಲ್ಲಿ ಅದಕ್ಕೆ ಹೆಸರಿಟ್ಟೂ ಇದ್ದರು! ನನಗೂ ನಗು ಬಂತು. ರಾಚವ್ವ ನಗುವುದೂ ಕೇಳಿಸಿತು. ನಗುತ್ತ ನಗುತ್ತಲೇ ನನ್ನ ಪಾಳಿ ನನ್ನನ್ನು ಎಳೆದುಕೊಂಡು ಹೋಯಿತು.

ಎಚ್ಚರವಾದಾಗ ಬಿಸಿಲು ಅಂಗಳದ ನಡುವೆ ಇತ್ತು. ರಾಚವ್ವ ಇನ್ನೂ ಹೊಸ್ತಿಲಲ್ಲೇ ಕೂತಿದ್ದಳು, ಬಾಯಿಯ ಮೇಲೆ ಬೆರಳಿಟ್ಟು ನನ್ನ ಪಕ್ಕಕ್ಕೆ ಕಣ್ಸನ್ನೆ ಮಾ‌ಡಿದಳು. ಅವರು ಮಲಗಿದ್ದರು. ಬಾಯಿ ತೆರೆದು, ಒಂದು ಕೈ ಹೊರಸಿನಿಂದ ಜೋತುಬಿಟ್ಟು, ಮುರಿದ ಕಾಲನ್ನು ಮರೆತು ಅದರ ಮೇಲೇ ಮಗ್ಗುಲಾಗಿ. ಅವರು ಮಲಗಿದ್ದನ್ನು ಇಷ್ಟು ವರ್ಷ ದೀಪದ ಬೆಳಕಿನಲ್ಲಿ ನೋಡಿದ್ದೆ. ಹಗಲಿನಲ್ಲಿ ನೋಡಿದ್ದು ಆವತ್ತೇ ಮೊದಲು. ಹುಬ್ಬು ನರೆತಿತ್ತು. ನನಗೆ ಗೊತ್ತೇ ಇರಲಿಲ್ಲ.

ಆದದ್ದನ್ನೆಲ್ಲ ರಾಚವ್ವ ಪಿಸುದನಿಯಲ್ಲಿ ಹೇಳಿದಳು. ನಾನು ಮಲಗಿದ ಮೇಲೆ ಅವರು ಬಹಳ ಹೊತ್ತು ಮಾತಾಡಿದರಂತೆ, ಊರಿನ ಒಂದೊಂದೇ ಮದುವೆ ನೆನಪಿಸಿಕೊಂಡು ಅವಳಿಗೆ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದರಂತೆ. ಅಜ್ಜಾರ ಕಾಲುಪಾಲು ಉದ್ದ ಭಂಗಿ ಅದು. ಆಮೇಲೆ ಕಾಲು ಹಗುರಾಯಿತು ಎಂದರಂತೆ. ಸ್ವಲ್ಪ ಹೊತ್ತಿಗೆ ಮೈ ಭಾರವಾಯಿತು ಎಂದರಂತೆ. ಮುಂದಿನ ಹಂದರಕ್ಕೆ ಏನೋ ಮಾಡಬೇಕೆಂದು ಮಾತು ಶುರು ಮಾಡಿ, ನಡುವೆಯೇ ನಿಲ್ಲಿಸಿ, ಹೊರಸಿಗೆ ವಾಲಿದರಂತೆ. ಗೌಡರು ಎರಡು ಸಲ ಬಂದು ಇಣುಕಿ ಹೋಗಿದ್ದರು. ಮೇಲೋಣಿಗೆ ಆಳು ಕಳಿಸಿ ಯಾರಿಗಾದರೂ ನಿದ್ದೆ ಕಡಿಮೆ ಬಿತ್ತೇ ಎಂದು ಮನೆಮನೆಗೂ ಕೇಳಿಸಿದ್ದರು. ಇನ್ನೂ ಯಾರೂ ಎದ್ದಿಲ್ಲ, ಯಾರನ್ನು ಕೇಳುವುದು ಎಂದು ಆಳು ವಾಪಸು ಬಂದಿದ್ದನಂತೆ.

"ಇಬ್ಬರೂ ಒಂದ ಶ್ರುತಿ ಹಿಡದು ಗೊರಕಿ ಹೊಡದ್ರಿ," ಅಂದಳು ರಾಚವ್ವ. "ನನ್ನ ಪಾಳಿ ಬಂತು. ನಾ ಹೊಂಟೆ."

ಅವಳು ತೂಗಾಡುತ್ತ ಗೋಡೆ ಹಿಡಿದುಕೊಂಡು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ನಮ್ಮವರು ಕಣ್ಣು ಬಿಟ್ಟರು. ಸೂರು ನೋಡಿದರು, ಕಾಲು ನೋಡಿದರು, ನನ್ನನ್ನು ನೋಡಿದರು. ಎದ್ದು ಕೂತು ತಲೆ ಕೆರೆದುಕೊಂಡರು. ನಾನೂ ಕೆದರಿದ ಕೂದಲಿನಲ್ಲಿ ಅವರ ಪಕ್ಕದಲ್ಲೇ ಕೂತೆ. ಇಬ್ಬರೂ ಯಾವುದಕ್ಕೋ ಕಾಯುತ್ತಿದ್ದೆವು. ನಮ್ಮ ಮನೆಯಲ್ಲಿ ಮಲಗಿ ಎದ್ದವರಿಗೆ ಎಚ್ಚರವಿದ್ದವರು ಚಹಾ ಮಾಡಿ ಕೊಡುತ್ತಾರೆ. ಲಗ್ನವಾದಂದಿನಿಂದ ಹಾಗೆಯೇ ನಡೆದು ಬಂದಿದೆ. ಅವರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ.

"ಚಾ?" ಅಂದರು.

"ನಾನೂ ಈಗ ಎದ್ದೀನ್ರಿ," ಅಂದೆ.

ಹಾಗಾದರೆ ಯಾರು ಮಾಡಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಹಾಗೇ ಕೂತಿದ್ದೆವು. ಕೊನೆಗೆ ಅವರು ಕೋಲು ಹಿಡಿದು ಎದ್ದರು, ನಾನೂ ಎದ್ದೆ, ಇಬ್ಬರೂ ಅಡಿಗೆಮನೆಗೆ ಹೋದೆವು. ಒಲೆ ಹಚ್ಚಿದ್ದು ಯಾರೆಂದು ನೆನಪಿಲ್ಲ. ಸಕ್ಕರೆಯನ್ನು ಮಾತ್ರ ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು, ಇಬ್ಬರೂ ಹಾಕಿದ್ದೆವು.